ಪ್ರಾಡಕ್ಟ್ ರೂಲ್ ಯಾಕೆ ಹಾಗೇ ಇರಬೇಕು? ಡೆರಿವೇಟಿವ್ ನಿಯಮಗಳ ಬಗ್ಗೆ ಕೇಳಬೇಕಿತ್ತು

ಬೇಲೂರು ಪಿಯು

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯು ಸೈನ್ಸ್ ಓದುತ್ತಿದ್ದೇನೆ, ಬೇಲೂರಿನಿಂದ ಹಾಸನಕ್ಕೆ ದಿನಾ ಬಸ್ಸು. ಡಿಫರೆನ್ಶಿಯೇಷನ್ ನಿಯಮಗಳೆಲ್ಲ ಬಾಯಿಗೆ ಬರುತ್ತವೆ, ಲೆಕ್ಕಾನೂ ಬರುತ್ತದೆ, ಆದರೆ ಒಂದು ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ. ಎರಡು ಫಂಕ್ಷನ್ ಕೂಡಿಸಿದ್ದರೆ ಬೇರೆ ಬೇರೆ ಡಿಫರೆನ್ಶಿಯೇಟ್ ಮಾಡಿ ಕೂಡಿಸಿದರೆ ಆಯ್ತು. ಕಳೆದಿದ್ದರೂ ಹಾಗೇ. ಹಾಗಾದರೆ ಗುಣಿಸಿದ್ದಾಗ ಬೇರೆ ಬೇರೆ ಮಾಡಿ ಗುಣಿಸಿದರೆ ಯಾಕೆ ಆಗಲ್ಲ? ಯು × ವಿ ಇದ್ದರೆ ಯು′ × ವಿ′ ಬರಬೇಕಿತ್ತು ಅಲ್ವಾ? ಅದು ಬಿಟ್ಟು ಯು′ × ವಿ + ಯು × ವಿ′ ಅಂತ ಎರಡು ತುಂಡು ಯಾಕೆ? ಭಾಗಾಕಾರಕ್ಕಂತೂ ಮಧ್ಯೆ ಮೈನಸ್, ಕೆಳಗೆ ಸ್ಕ್ವೇರ್. (ಅಕ್ಷರದ ಪಕ್ಕ ಡ್ಯಾಶ್ ಹಾಕಿದ್ದರೆ ಅದರ ಡೆರಿವೇಟಿವ್, ಅಂದರೆ ಅದು ಬದಲಾಗುವ ದರ, ಅಂತ ಓದಿಕೊಳ್ಳಿ.)

ಪುಸ್ತಕದ ಪ್ರೂಫ್ ನೋಡಿದೆ. ಮಧ್ಯದಲ್ಲಿ ಏನನ್ನೋ ಕೂಡಿಸಿ, ಅದನ್ನೇ ಕಳೆಯುತ್ತಾರೆ. ಅದನ್ನೇ ಯಾಕೆ ಕೂಡಿಸಬೇಕು ಅಂತ ಯಾರೂ ಹೇಳಲ್ಲ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ, ಪ್ಲೀಸ್.

ಸಿಇಟಿ ಅಣ್ಣ, ಚಿಕ್ಕಮಗಳೂರು

ತಂಗಿ, ಸದ್ಯಕ್ಕೆ ನಿಯಮ ಬಾಯಿಪಾಠ ಇದ್ದರೆ ಸಾಕು. ಸಿಇಟಿಯಲ್ಲಿ ಮ್ಯಾಥ್ಸ್‌ಗೆ 60 ಪ್ರಶ್ನೆ, 80 ನಿಮಿಷ. ಒಂದೊಂದಕ್ಕೆ 80 ಸೆಕೆಂಡ್ ಅಂದುಕೋ. ಅಲ್ಲಿ ಕೂತು ಯಾಕೆ ಹೀಗೆ ಅಂತ ಯೋಚಿಸೋಕೆ ಹೊತ್ತೆಲ್ಲಿದೆ? ಮೊದಲು ಲೆಕ್ಕ ಜಾಸ್ತಿ ಮಾಡು, ಅರ್ಥ ಆಮೇಲೆ ತಾನಾಗೇ ಆಗುತ್ತದೆ.

ಲೆಕ್ಕದ ಮೇಡಂ, ಹಾಸನ

ಲೆಕ್ಕ ಜಾಸ್ತಿ ಮಾಡಬೇಕು ಅನ್ನುವುದು ಸರಿ. ಆದರೆ ಅರ್ಥ ತಾನಾಗೇ ಆಗುತ್ತದೆ ಅನ್ನುವುದನ್ನು ನಾನು ಒಪ್ಪಲ್ಲ. ನಿಯಮ ಹೇಳು ಅಂದರೆ ಪಟಪಟ ಹೇಳುವ ಮಕ್ಕಳು, ಲೆಕ್ಕ ಸ್ವಲ್ಪ ವೇಷ ಬದಲಿಸಿ ಬಂದರೆ ಯಾವ ನಿಯಮ ಹಾಕಬೇಕು ಅಂತ ನಿಂತುಬಿಡುತ್ತಾರೆ. ಆ ಹುಡುಗಿ ಕೇಳಿದ್ದು ಒಳ್ಳೆಯ ಪ್ರಶ್ನೆ, ಅದನ್ನು ತಳ್ಳಿಹಾಕುವುದು ಬೇಡ.

ಮಗಳೇ, ಮೊದಲು ನಿನ್ನ ನಿಯಮವನ್ನೇ ಪರೀಕ್ಷೆ ಮಾಡೋಣ. 5 × ಎಕ್ಸ್² ತಗೋ. ಇದರ ಡೆರಿವೇಟಿವ್ 10 ಎಕ್ಸ್, ಅದರಲ್ಲಿ ಅನುಮಾನ ಇಲ್ಲ. ಈಗ ನೀನು ಹೇಳಿದ ಹಾಗೆ ಬೇರೆ ಬೇರೆ ಮಾಡಿ ಗುಣಿಸು. 5ರ ಡೆರಿವೇಟಿವ್ ಸೊನ್ನೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ. ಅಂದರೆ ಐದು ಪಟ್ಟು ಬೆಳೆಯುವ ವಸ್ತು ಬೆಳೆಯುವುದೇ ಇಲ್ಲ ಅಂದ ಹಾಗಾಯ್ತು. ಅಲ್ಲಿಗೆ ಆ ನಿಯಮ ಬಿತ್ತು.

ಇನ್ನೊಂದು. ಎಕ್ಸ್³ × ಎಕ್ಸ್² ಅಂದರೆ ಎಕ್ಸ್⁵. ಪವರ್ ರೂಲ್ ಪ್ರಕಾರ (ಪವರ್ ಮುಂದೆ ಬರುತ್ತದೆ, ಮೇಲೆ ಒಂದು ಕಮ್ಮಿ ಆಗುತ್ತದೆ) ಡೆರಿವೇಟಿವ್ 5 ಎಕ್ಸ್⁴. ಎಕ್ಸ್ ಬೆಲೆ 2 ಹಾಕಿದರೆ 80. ಬೇರೆ ಬೇರೆ ಮಾಡಿ ಗುಣಿಸಿದರೆ 3 ಎಕ್ಸ್² × 2 ಎಕ್ಸ್, ಅಂದರೆ 6 ಎಕ್ಸ್³, ಅದರ ಬೆಲೆ 48. ಪವರೇ ಬೇರೆ ಬಂತು ನೋಡು. ಎರಡು ತುಂಡಿನ ನಿಯಮದಲ್ಲಿ 3 ಎಕ್ಸ್² × ಎಕ್ಸ್² + ಎಕ್ಸ್³ × 2 ಎಕ್ಸ್, ಅಂದರೆ 3 ಎಕ್ಸ್⁴ + 2 ಎಕ್ಸ್⁴. ಸರಿಯಾಗಿ 5 ಎಕ್ಸ್⁴.

ನಿನಗೆ ಬಂದ ಅನುಮಾನ ಲೈಬ್ನಿಟ್ಸ್‌ಗೂ ಬಂದಿತ್ತು. ಈ ಶಾಸ್ತ್ರ ಕಟ್ಟಿದ ಇಬ್ಬರಲ್ಲಿ ಒಬ್ಬ ಅವನು, ಇನ್ನೊಬ್ಬ ನ್ಯೂಟನ್. ಗುಣಾಕಾರದ ಡೆರಿವೇಟಿವ್ ಅಂದರೆ ಡೆರಿವೇಟಿವ್‌ಗಳ ಗುಣಾಕಾರವೇ ಅಲ್ಲವೇ ಅನ್ನುವ ಪ್ರಶ್ನೆಯನ್ನು ಅವನು 1675ರ ನವೆಂಬರ್‌ನ ತನ್ನ ಟಿಪ್ಪಣಿಗಳಲ್ಲಿ ಎತ್ತಿಕೊಂಡು, ಅದು ನಿಲ್ಲಲ್ಲ ಅಂತ ಕಂಡುಕೊಂಡ. ನಿಯಮಗಳನ್ನು ಅಚ್ಚು ಹಾಕಿಸಿದ್ದು 1684ರಲ್ಲಿ. ಹಾಗಾಗಿ ಈ ಪ್ರಶ್ನೆ ಕೇಳೋಕೆ ಸಂಕೋಚ ಬೇಡ.

ಬೇಲೂರು ಪಿಯು

ಮೇಡಂ, 5ರ ಉದಾಹರಣೆ ನೋಡಿ ಒಂದೇ ಸಲಕ್ಕೆ ಒಪ್ಪಿಕೊಂಡೆ. ಆದರೆ ನನ್ನ ನಿಯಮ ತಪ್ಪು ಅಂತ ಗೊತ್ತಾಯ್ತು ಅಷ್ಟೇ. ಪುಸ್ತಕದ ನಿಯಮ ಎಲ್ಲಿಂದ ಬಂತು ಅಂತ ಇನ್ನೂ ಕಾಣುತ್ತಿಲ್ಲ.

ಮೂಡಿಗೆರೆ ತೋಟ

ನಾನು ಹೇಳಲೇನಮ್ಮ? ಬಿಎಸ್ಸಿ ಓದಿ ತೋಟಕ್ಕೆ ಬಂದವನು, ಗಣಿತದ ಮೇಲಿನ ಆಸೆ ಇನ್ನೂ ಇದೆ.

ಮನೆ ಮುಂದೆ ಕಾಫಿ ಒಣಗಿಸುವ ಕಣ ಇದೆ ಅಂದುಕೋ. ಉದ್ದ 40 ಅಡಿ, ಅಗಲ 30 ಅಡಿ. ಒಟ್ಟು 1200 ಚದರ ಅಡಿ. ಈ ವರ್ಷ ಹಣ್ಣು ಜಾಸ್ತಿ ಬಂತು, ಉದ್ದವನ್ನೂ ಒಂದು ಅಡಿ, ಅಗಲವನ್ನೂ ಒಂದು ಅಡಿ ಹೆಚ್ಚಿಸಿದಿರಿ. ಈಗ 41 × 31, ಅಂದರೆ 1271. ಹೆಚ್ಚಾಗಿದ್ದು 71 ಚದರ ಅಡಿ. ಬೇರೆ ಬೇರೆ ಹೆಚ್ಚಳವನ್ನು ಗುಣಿಸಿದರೆ 1 × 1, ಒಂದೇ ಒಂದು ಚದರ ಅಡಿ. ಗಾರೆಯವರಿಗೆ ಒಂದು ಚದರ ಅಡಿಗೆ ದುಡ್ಡು ಕೊಡುತ್ತೀನಿ ಅಂದರೆ ಒಪ್ಪುತ್ತಾರಾ?

ಆ 71 ಎಲ್ಲಿಂದ ಬಂತು ನೋಡು. ಒಂದು ಬದಿಗೆ 30 ಅಡಿ ಉದ್ದದ ಪಟ್ಟಿ ಸೇರಿತು. ಇನ್ನೊಂದು ಬದಿಗೆ 40 ಅಡಿ ಉದ್ದದ ಪಟ್ಟಿ. ಮೂಲೆಯಲ್ಲಿ ಒಂದು ಸಣ್ಣ ಚೌಕ. 30 + 40 + 1. ನೀನು ಬರೆದ ಯು′ × ವಿ′ ಇದೆಯಲ್ಲ, ಅದು ಆ ಮೂಲೆ ಚೌಕ ಮಾತ್ರ.

ಈಗ ಒಂದು ಅಡಿ ಬದಲು 0.1 ಅಡಿ ಹೆಚ್ಚಿಸು. 40.1 × 30.1 ಅಂದರೆ 1207.01. ಹೆಚ್ಚಾಗಿದ್ದು 7.01. ಅದನ್ನು 0.1ರಿಂದ ಭಾಗಿಸಿದರೆ 70.1. ಹೆಚ್ಚಳ 0.01 ಅಡಿ ಆದರೆ 70.01. ಪಟ್ಟಿಗಳು 70 ಅನ್ನು ಬಿಡುವುದಿಲ್ಲ, ಮೂಲೆ ಮಾತ್ರ ಕರಗಿ ಹೋಗುತ್ತದೆ. ಲಿಮಿಟ್ ತಗೊಂಡಾಗ, ಅಂದರೆ ಹೆಚ್ಚಳವನ್ನು ಸೊನ್ನೆಯ ಹತ್ತಿರ ತರುತ್ತಾ ಹೋದಾಗ, ಉಳಿಯುವುದು ಎರಡು ಪಟ್ಟಿಗಳೇ. ಅದೇ ನಿನ್ನ ಎರಡು ತುಂಡು: ಉದ್ದದ ಹೆಚ್ಚಳ × ಅಗಲ, ಕೂಡಿಸು ಉದ್ದ × ಅಗಲದ ಹೆಚ್ಚಳ.

ಲೆಕ್ಕದ ಮೇಡಂ, ಹಾಸನ

ಇದಕ್ಕಿಂತ ಚೆನ್ನಾಗಿ ಬೋರ್ಡಿನ ಮೇಲೂ ಹೇಳೋಕೆ ಆಗಲ್ಲ. ಇದೇ ಕಣ ಇಟ್ಟುಕೊಂಡು ಪ್ರೂಫ್‌ನ ಆ ಕೂಡಿಸಿ ಕಳೆಯುವ ಜಾಗಕ್ಕೆ ಬರೋಣ, ಅದೂ ಬಿಡಿಸಿಹೋಗುತ್ತದೆ.

40 × 30ರಿಂದ 41 × 31ಕ್ಕೆ ಒಂದೇ ಜಿಗಿತದಲ್ಲಿ ಹೋದರೆ ಎರಡೂ ಒಟ್ಟಿಗೆ ಬದಲಾಗುತ್ತವೆ, ಯಾವುದರಿಂದ ಎಷ್ಟು ಹೆಚ್ಚಾಯ್ತು ಅಂತ ಗೊತ್ತಾಗಲ್ಲ. ಅದಕ್ಕೆ ಮಧ್ಯೆ ಒಂದು ನಿಲ್ದಾಣ ಬೇಕು. ಮೊದಲು ಉದ್ದ ಮಾತ್ರ ಹೆಚ್ಚಿಸು: 41 × 30. ಆಮೇಲೆ ಅಗಲ: 41 × 31. ಮೊದಲ ಹೆಜ್ಜೆಯಲ್ಲಿ 30 ಹೆಚ್ಚಾಯ್ತು, ಎರಡನೆಯದರಲ್ಲಿ 41. ಒಟ್ಟು 71. ಪುಸ್ತಕದಲ್ಲಿ ಸುಮ್ನೆ ಕೂಡಿಸಿ ಕಳೆದ ಹಾಗೆ ಕಾಣುವುದು ಈ ಮಧ್ಯದ 41 × 30. ಒಂದು ಸಲಕ್ಕೆ ಒಂದನ್ನೇ ಅಲುಗಾಡಿಸಬೇಕು, ಮಿಕ್ಕಿದ್ದನ್ನು ಹಿಡಿದಿಟ್ಟುಕೊಳ್ಳಬೇಕು, ಆಮೇಲೆ ಎಲ್ಲ ಹೆಚ್ಚಳ ಕೂಡಿಸಬೇಕು. ಈ ಮಾತನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೋ. ಮೂರು ಫಂಕ್ಷನ್ ಗುಣಿಸಿದ್ದರೂ ಇದೇ: ಮೂರು ತುಂಡು ಬರುತ್ತವೆ, ಪ್ರತಿ ತುಂಡಿನಲ್ಲಿ ಒಂದಕ್ಕೆ ಮಾತ್ರ ಡ್ಯಾಶ್. ಹೊಸ ನಿಯಮ ಕಲಿಯೋದೇ ಬೇಡ.

ಪವರ್ ರೂಲ್ ಕೂಡ ಇದರಿಂದಲೇ ಬರುತ್ತದೆ. ಎಕ್ಸ್³ ಅಂದರೆ ಎಕ್ಸ್ × ಎಕ್ಸ್ × ಎಕ್ಸ್. ಒಂದೊಂದು ಎಕ್ಸ್ ಅಲುಗಾಡಿದಾಗಲೂ ಉಳಿದ ಎರಡು ಸೇರಿ ಎಕ್ಸ್² ಕೊಡುತ್ತವೆ. ಮೂರು ಸಲ ಹಾಗಾಗುತ್ತದೆ. ಅದಕ್ಕೆ 3 ಎಕ್ಸ್². ಪವರ್ ಮುಂದೆ ಬರುವುದು, ಮೇಲೆ ಒಂದು ಕಮ್ಮಿ ಆಗುವುದು, ಎರಡಕ್ಕೂ ಇದೇ ಕಾರಣ.

ಬ್ರಾಕೆಟ್ ಬಿಡಿಸಿ ನೋಡಬೇಕು ಅಂದರೆ, ಎಕ್ಸ್‌ನ ಸಣ್ಣ ಹೆಚ್ಚಳಕ್ಕೆ ಎಚ್ ಅಂತ ಹೆಸರಿಡು. (ಎಕ್ಸ್ + ಎಚ್)³ ಅಂದರೆ ಎಕ್ಸ್³ + 3 ಎಕ್ಸ್² ಎಚ್ + 3 ಎಕ್ಸ್ ಎಚ್² + ಎಚ್³. ಎಕ್ಸ್³ ಕಳೆದು ಎಚ್‌ನಿಂದ ಭಾಗಿಸು. 3 ಎಕ್ಸ್² ಬಿಟ್ಟು ಮಿಕ್ಕಿದ್ದರಲ್ಲೆಲ್ಲ ಎಚ್ ಉಳಿದಿದೆ, ಅವೆಲ್ಲ ಸೊನ್ನೆಗೆ ಹೋಗುತ್ತವೆ. ಪವರ್ ಮೈನಸ್ ಆಗಲಿ, ಅರ್ಧ ಆಗಲಿ, ಇದೇ ನಿಯಮ ನಡೆಯುತ್ತದೆ. ವರ್ಗಮೂಲ ಎಕ್ಸ್‌ಗೆ 1/(2 × ವರ್ಗಮೂಲ ಎಕ್ಸ್). ಎಕ್ಸ್ 100 ಇದ್ದಾಗ ಅದು 0.05. ಹಾಗಾಗಿ 101ರ ವರ್ಗಮೂಲ ಸುಮಾರು 10.05 ಇರಬೇಕು. ಕ್ಯಾಲ್ಕುಲೇಟರ್ 10.0499 ಅನ್ನುತ್ತದೆ.

ಬೇಲೂರು ಪಿಯು

ಅಯ್ಯೋ ಮೇಡಂ, ಪ್ರೂಫ್‌ನಲ್ಲಿ ನಡೆಯುತ್ತಿದ್ದಿದ್ದು ಇದೇನಾ! ಮೂಡಿಗೆರೆ ಅಣ್ಣನಿಗೂ ತುಂಬಾ ಥ್ಯಾಂಕ್ಸ್. ಭಾಗಾಕಾರದ್ದೂ ಹೇಳಿಬಿಡಿ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಎಲ್ಲರಿಗೂ ಅದಲುಬದಲಾಗುತ್ತದೆ.

ಲೆಕ್ಕದ ಮೇಡಂ, ಹಾಸನ

ಅದನ್ನು ಬೇರೆ ನಿಯಮ ಅಂದುಕೊಳ್ಳಬೇಡ. ಯು ÷ ವಿ ಅನ್ನುವುದಕ್ಕೆ ಕ್ಯೂ ಅಂತ ಹೆಸರಿಡು. ಹಾಗಾದರೆ ಯು = ಕ್ಯೂ × ವಿ. ಪ್ರಾಡಕ್ಟ್ ರೂಲ್ ಹಾಕು: ಯು′ = ಕ್ಯೂ′ × ವಿ + ಕ್ಯೂ × ವಿ′. ನಮಗೆ ಬೇಕಿರುವುದು ಕ್ಯೂ′. ಅದನ್ನು ಒಂದು ಕಡೆ ತಂದು, ಕ್ಯೂ ಇದ್ದ ಕಡೆ ಯು ÷ ವಿ ಹಾಕಿದರೆ, (ಯು′ × ವಿ − ಯು × ವಿ′) ÷ ವಿ² ಬರುತ್ತದೆ. ನೀನೇ ಒಂದು ಸಲ ಪೆನ್ ಹಿಡಿದು ಮಾಡು, ಆಮೇಲೆ ಮರೆಯೋದಿಲ್ಲ.

ಅದಲುಬದಲು ಆಗದಿರಲು ಇಷ್ಟು ನೆನಪಿಟ್ಟುಕೋ. ಬೆಲೆಗಳೆಲ್ಲ ಪ್ಲಸ್ ಇದ್ದಾಗ, ಮೇಲಿನದು ಬೆಳೆದರೆ ಭಾಗಲಬ್ಧ ಬೆಳೆಯುತ್ತದೆ, ಅದಕ್ಕೆ ಯು′ ಇರುವ ತುಂಡಿಗೆ ಪ್ಲಸ್. ಕೆಳಗಿನದು ಬೆಳೆದರೆ ಭಾಗಲಬ್ಧ ಕುಗ್ಗುತ್ತದೆ, ಅದಕ್ಕೆ ವಿ′ ಇರುವ ತುಂಡಿಗೆ ಮೈನಸ್. ಅನುಮಾನ ಬಂದರೆ 1/ಎಕ್ಸ್ ಹಾಕಿ ನೋಡು. ಉತ್ತರ −1/ಎಕ್ಸ್² ಬರದಿದ್ದರೆ ಚಿಹ್ನೆ ಎಲ್ಲೋ ತಿರುಗಿದೆ ಅಂತ ಅರ್ಥ.

ಸಕಲೇಶಪುರದ ತಂದೆ

ನನ್ನ ಮಗನೂ ಸೆಕೆಂಡ್ ಪಿಯು. ಮೇಡಂ, ಮಧ್ಯೆ ಬಂದೆ, ಕ್ಷಮಿಸಿ. ನಾನು ಓದಿದ್ದು ಕಾಮರ್ಸ್. ಇದೆಲ್ಲ ಕಲಿತು ಏನು ಉಪಯೋಗ ಅಂತ ಮಗ ಕೇಳುತ್ತಾನೆ, ಉತ್ತರ ಕೊಡೋಕೆ ಆಗುತ್ತಿಲ್ಲ. ಇಂಜಿನಿಯರಿಂಗ್‌ಗೆ ಬೇಕು ಕಣೋ ಅಂದರೆ ಅವನಿಗೆ ಸಾಲಲ್ಲ. ನಮ್ಮ ಸುತ್ತಮುತ್ತ ಎಲ್ಲಾದರೂ ಇದು ಕಾಣುತ್ತದಾ?

ಗೊರೂರು ನೀರು

ಕಾಣುತ್ತೆ ಸಾರ್, ಮಳೆಗಾಲದಲ್ಲಿ ದಿನಾ ಪೇಪರ್‌ನಲ್ಲೇ ಬರುತ್ತೆ. ನಮ್ಮ ಹೇಮಾವತಿ ಜಲಾಶಯದ ಸುದ್ದಿ ನೋಡಿ. ಗರಿಷ್ಠ ಮಟ್ಟ 2922 ಅಡಿ, ಪೂರ್ತಿ ತುಂಬಿದರೆ ಸುಮಾರು 37.1 ಟಿಎಂಸಿ. ಅದರ ಕೆಳಗೆ ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್ ಅಂತ ಇರುತ್ತೆ. ಸಂಗ್ರಹ ಅನ್ನುವುದು ಫಂಕ್ಷನ್. ಒಳಹರಿವಿನಲ್ಲಿ ಹೊರಹರಿವು ಕಳೆದರೆ ಸಿಗುವುದು ಆ ಸಂಗ್ರಹದ ಡೆರಿವೇಟಿವ್, ಸೋರಿಕೆ ಮತ್ತು ಆವಿಯಾಗುವುದನ್ನು ಬಿಟ್ಟರೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡ್. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಹಾಗಾಗಿ ಒಳಹರಿವು ಹೊರಹರಿವಿಗಿಂತ 11,574 ಕ್ಯೂಸೆಕ್ ಜಾಸ್ತಿ ಇದ್ದು ಇಡೀ ದಿನ ಹಾಗೇ ನಡೆದರೆ ಒಂದು ಟಿಎಂಸಿ ಸೇರುತ್ತೆ. ಮಗನಿಗೆ ಭಾಗಾಕಾರ ಮಾಡಿ ನೋಡು ಅನ್ನಿ.

ಇದರಲ್ಲೇ ಚೈನ್ ರೂಲ್ ಕೂಡ ಇದೆ, ಅದು ನನಗೆ ಬಹಳ ಇಷ್ಟ. ಸಂಗ್ರಹ ನೀರಿನ ಮಟ್ಟದ ಮೇಲೆ ನಿಂತಿದೆ. ಮಟ್ಟ ಸಮಯದ ಮೇಲೆ ನಿಂತಿದೆ. ಹಾಗಾದರೆ ಸಂಗ್ರಹ ಸಮಯಕ್ಕೆ ತಕ್ಕಂತೆ ಹೇಗೆ ಬದಲಾಗುತ್ತೆ? ಮಟ್ಟ ಒಂದು ಅಡಿ ಏರಿದರೆ ಸಂಗ್ರಹ ಎಷ್ಟು ಏರುತ್ತೆ ಅನ್ನುವುದನ್ನು, ಗಂಟೆಗೆ ಮಟ್ಟ ಎಷ್ಟು ಅಡಿ ಏರುತ್ತೆ ಅನ್ನುವುದರಿಂದ ಗುಣಿಸಬೇಕು. ಇಲ್ಲಿ ಮೊದಲನೆಯದು ಏನು ಗೊತ್ತಾ? ಆ ಮಟ್ಟದಲ್ಲಿ ನೀರು ಹರಡಿಕೊಂಡಿರುವ ವಿಸ್ತೀರ್ಣ. ತಳದಲ್ಲಿ ವಿಸ್ತೀರ್ಣ ಕಮ್ಮಿ, ಮೇಲೆ ಹೋದ ಹಾಗೆ ಜಾಸ್ತಿ. ಅದಕ್ಕೆ ಜೂನ್‌ನಲ್ಲಿ ಅಣೆಕಟ್ಟು ಖಾಲಿ ಇದ್ದಾಗ ಮಟ್ಟ ಸರಸರ ಏರುತ್ತೆ, ತುಂಬುತ್ತಾ ಬಂದಾಗ ಅಷ್ಟೇ ನೀರು ಬಂದರೂ ನಿಧಾನ ಏರುತ್ತೆ.

ಸಕಲೇಶಪುರದ ತಂದೆ

ಇದು ನನಗೂ ಅರ್ಥವಾಯ್ತು ಸಾರ್. ರಾತ್ರಿ ಮಗನ ಜೊತೆ ಕೂತು ಆ 11,574 ಮಾಡಿಸುತ್ತೇನೆ.

ಸಿಇಟಿ ಅಣ್ಣ, ಚಿಕ್ಕಮಗಳೂರು

ಚೈನ್ ರೂಲ್ ಮಾತು ಬಂತಲ್ಲ, ಜಾಸ್ತಿ ಮಾರ್ಕ್ಸ್ ಹೋಗುವುದೇ ಅಲ್ಲಿ. ಸೈನ್² ಎಕ್ಸ್ ಮತ್ತು ಸೈನ್ (ಎಕ್ಸ್²) ಎರಡನ್ನೂ ಅಕ್ಕಪಕ್ಕ ಬರೆದು ಅಭ್ಯಾಸ ಮಾಡಬೇಕು. ಮೊದಲನೆಯದು 2 ಸೈನ್ ಎಕ್ಸ್ × ಕಾಸ್ ಎಕ್ಸ್. ಎರಡನೆಯದು ಕಾಸ್ (ಎಕ್ಸ್²) × 2 ಎಕ್ಸ್. ನನ್ನ ಉಪಾಯ ಹೇಳುತ್ತೇನೆ: ಎಕ್ಸ್‌ಗೆ ಒಂದು ಸಂಖ್ಯೆ ಕೊಟ್ಟು ಕ್ಯಾಲ್ಕುಲೇಟರ್‌ನಲ್ಲಿ ಒತ್ತುತ್ತಾ ಹೋದರೆ ಕೊನೆಗೆ ಒತ್ತುವ ಬಟನ್ ಯಾವುದೋ, ಡಿಫರೆನ್ಶಿಯೇಟ್ ಅಲ್ಲಿಂದ ಶುರು ಮಾಡಬೇಕು. ಸೈನ್² ಎಕ್ಸ್‌ನಲ್ಲಿ ಕೊನೆಗೆ ಒತ್ತುವುದು ಸ್ಕ್ವೇರ್. ಸೈನ್ (ಎಕ್ಸ್²)ನಲ್ಲಿ ಸೈನ್. ಕೊನೆಯ ಕೆಲಸ ಗುಣಾಕಾರ ಆಗಿದ್ದರೆ ಪ್ರಾಡಕ್ಟ್ ರೂಲ್, ಕೂಡುವುದಾಗಿದ್ದರೆ ಬೇರೆ ಬೇರೆ. ಯಾವ ನಿಯಮ ಅಂತ ತಲೆ ಕೆಡಿಸಿಕೊಳ್ಳುವುದೇ ಬೇಡ.

ಒಳಗಿನದರ ಡೆರಿವೇಟಿವ್‌ನಿಂದ ಗುಣಿಸುವುದನ್ನು ಮಾತ್ರ ಬಿಡಬಾರದು. ಉತ್ತರದ ಆಯ್ಕೆಗಳಲ್ಲಿ ಅದನ್ನು ಬಿಟ್ಟ ಉತ್ತರವೂ ಒಂದು ಇದ್ದೇ ಇರುತ್ತದೆ ಅಂದುಕೊಂಡು ಕೂರಬೇಕು.

ಲೆಕ್ಕದ ಮೇಡಂ, ಹಾಸನ

ಬಟನ್‌ನ ಮಾತು ತುಂಬಾ ಚೆನ್ನಾಗಿದೆ. ಇದು ಬಾಯಿಪಾಠ ಅಲ್ಲಪ್ಪ, ಅರ್ಥ ಮಾಡಿಕೊಂಡವರು ಮಾಡುವ ಕೆಲಸವೇ ಇದು.

ಬೇಲೂರು ಪಿಯು

ಅಣ್ಣ, ಹಾಗಾದರೆ ಎಕ್ಸ್‌ನ ಪವರ್ ಎಕ್ಸ್? ಅಲ್ಲಿ ಕೊನೆಯ ಬಟನ್ ಪವರ್. ಆದರೆ ಪವರ್ ರೂಲ್ ಹಾಕಬಾರದು, ಎರಡೂ ಕಡೆ ಲಾಗ್ ತಗೋಬೇಕು ಅಂತಾರೆ.

ಇಂಜಿನಿಯರಿಂಗ್ ಮೂರನೇ ವರ್ಷ, ಹಾಸನ

ಇದಕ್ಕೆ ನಾನು ಹೇಳುತ್ತೇನೆ, ನನಗೆ ಬಹಳ ಖುಷಿ ಕೊಟ್ಟ ವಿಷಯ ಇದು.

ಪವರ್ ರೂಲ್ ಇರುವುದು ಪವರ್ ಸ್ಥಿರವಾಗಿದ್ದಾಗ. ಎಕ್ಸ್⁵ಕ್ಕೆ ಸರಿ. 2ರ ಪವರ್ ಎಕ್ಸ್ ಆದರೆ ಕೆಳಗಿನದು ಸ್ಥಿರ, ಅದಕ್ಕೆ ಬೇರೆ ನಿಯಮ: 2ರ ಪವರ್ ಎಕ್ಸ್ × ಲಾಗ್ 2. (ಪಿಯು ಪುಸ್ತಕದ ಈ ಪಾಠದಲ್ಲಿ ಲಾಗ್ ಅಂದರೆ ಬೇಸ್ ಇ, ಕ್ಯಾಲ್ಕುಲೇಟರ್‌ನ ಲಾಗ್ ಬಟನ್ ಬೇಸ್ 10. ನೋಡಿಕೊಂಡು ಒತ್ತಿ.) ಎಕ್ಸ್‌ನ ಪವರ್ ಎಕ್ಸ್‌ನಲ್ಲಿ ಎರಡೂ ಬದಲಾಗುತ್ತವೆ, ಹಾಗಾಗಿ ಎರಡರಲ್ಲಿ ಯಾವ ಒಂದೂ ಸಾಲಲ್ಲ.

ಈಗ ಮೇಡಂ ಹೇಳಿದ್ದನ್ನೇ ಮಾಡಿ. ಒಂದು ಸಲಕ್ಕೆ ಒಂದನ್ನೇ ಅಲುಗಾಡಿಸಿ. ಮೊದಲು ಮೇಲಿನ ಎಕ್ಸ್ ಹಿಡಿದಿಟ್ಟು ಪವರ್ ರೂಲ್ ಹಾಕಿ: ಎಕ್ಸ್ × ಎಕ್ಸ್‌ನ ಪವರ್ (ಎಕ್ಸ್ − 1), ಅಂದರೆ ಎಕ್ಸ್‌ನ ಪವರ್ ಎಕ್ಸ್ ಅಷ್ಟೇ. ಆಮೇಲೆ ಕೆಳಗಿನದನ್ನು ಹಿಡಿದಿಟ್ಟು ಎರಡನೇ ನಿಯಮ: ಎಕ್ಸ್‌ನ ಪವರ್ ಎಕ್ಸ್ × ಲಾಗ್ ಎಕ್ಸ್. ಎರಡನ್ನೂ ಕೂಡಿಸಿ. ಎಕ್ಸ್‌ನ ಪವರ್ ಎಕ್ಸ್ × (1 + ಲಾಗ್ ಎಕ್ಸ್). ಲಾಗ್ ತಗೊಂಡು ಮಾಡಿದರೂ ಇದೇ ಉತ್ತರ. ಪ್ರಾಡಕ್ಟ್ ರೂಲ್‌ನಲ್ಲಿ ಎರಡು ಪಟ್ಟಿ ಕೂಡಿಸಿದ ಹಾಗೇ ಇಲ್ಲೂ. ಇಂಜಿನಿಯರಿಂಗ್‌ನಲ್ಲಿ ಪಾರ್ಶಿಯಲ್ ಡೆರಿವೇಟಿವ್ (ಒಂದನ್ನು ಮಾತ್ರ ಬದಲಿಸಿ, ಮಿಕ್ಕಿದ್ದನ್ನು ಹಿಡಿದಿಟ್ಟು ತೆಗೆಯುವ ಡೆರಿವೇಟಿವ್) ಅಂತ ಬರುತ್ತದೆ, ಅದರ ಚೈನ್ ರೂಲ್ ಹೇಳುವುದು ಇದನ್ನೇ.

ನಂಬಿಕೆ ಬರದಿದ್ದರೆ ಎಕ್ಸ್ 2 ಹಾಕಿ. ಸೂತ್ರದಿಂದ 4 × 1.6931, ಅಂದರೆ ಸುಮಾರು 6.77. ಈಗ 2.001ರ ಪವರ್ 2.001 ತಗೊಂಡು, 4 ಕಳೆದು, 0.001ರಿಂದ ಭಾಗಿಸಿ. ಸುಮಾರು 6.78 ಬರುತ್ತದೆ. ಪವರ್ ರೂಲ್ ಒಂದನ್ನೇ ಹಾಕಿದ್ದರೆ 4 ಬರುತ್ತಿತ್ತು.

ಮೂಡಿಗೆರೆ ತೋಟ

ಎಂಥ ಚಂದದ ವಿಷಯ ಮಾರಾಯ್ರೇ! ಬಿಎಸ್ಸಿಯಲ್ಲಿ ಪಾರ್ಶಿಯಲ್ ಡೆರಿವೇಟಿವ್ ಓದಿದ್ದೆ, ಇದನ್ನೂ ಅದನ್ನೂ ಹೀಗೆ ಜೋಡಿಸಿ ಯಾರೂ ತೋರಿಸಿರಲಿಲ್ಲ.

ಒಂದು ಮಾತು ಮಕ್ಕಳಿಗೆ. ಸೈನ್ ಎಕ್ಸ್‌ನ ಡೆರಿವೇಟಿವ್ ಕಾಸ್ ಎಕ್ಸ್ ಅನ್ನುವುದು ಕೋನ ರೇಡಿಯನ್‌ನಲ್ಲಿ ಇದ್ದಾಗ ಮಾತ್ರ. ಡಿಗ್ರಿಯಲ್ಲಿ ಇದ್ದರೆ ಮುಂದೆ ಪೈ/180 ಬರುತ್ತದೆ, ಅದು ಸುಮಾರು 0.01745. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿಟ್ಟು ಸೈನ್ 1 ಒತ್ತಿ ನೋಡಿ, ಅದೇ ಸಂಖ್ಯೆ ಕಾಣುತ್ತದೆ.

ಬೇಲೂರು ಪಿಯು

ಇವತ್ತು (ಸೈನ್ ಎಕ್ಸ್)ನ ಪವರ್ ಎಕ್ಸ್ ಅನ್ನು ಲಾಗ್ ಇಲ್ಲದೆ ಮಾಡಿದೆ. ಮೇಲಿನ ಎಕ್ಸ್ ಹಿಡಿದಿಟ್ಟಾಗ: ಎಕ್ಸ್ × (ಸೈನ್ ಎಕ್ಸ್)ನ ಪವರ್ (ಎಕ್ಸ್ − 1) × ಕಾಸ್ ಎಕ್ಸ್. ಆ ಕಾಸ್ ಎಕ್ಸ್ ಒಳಗಿನ ಸೈನ್‌ನದು, ಚೈನ್ ರೂಲ್. ಕೆಳಗಿನದನ್ನು ಹಿಡಿದಿಟ್ಟಾಗ: (ಸೈನ್ ಎಕ್ಸ್)ನ ಪವರ್ ಎಕ್ಸ್ × ಲಾಗ್ ಸೈನ್ ಎಕ್ಸ್. ಕೂಡಿಸಿದರೆ (ಸೈನ್ ಎಕ್ಸ್)ನ ಪವರ್ ಎಕ್ಸ್ × (ಎಕ್ಸ್ ಕಾಟ್ ಎಕ್ಸ್ + ಲಾಗ್ ಸೈನ್ ಎಕ್ಸ್). ಪುಸ್ತಕದ ವಿಧಾನದಲ್ಲಿ ಮಾಡಿ ನೋಡಿದೆ, ಅದೇ ಬಂತು. ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕ್ಸ್ ಕೊಡುತ್ತಾರಾ ಮೇಡಂ?

ಲೆಕ್ಕದ ಮೇಡಂ, ಹಾಸನ

ಸರಿಯಾಗಿದೆ ಮಗಳೇ, ಪೂರ್ತಿ ಸರಿ. ಪರೀಕ್ಷೆಯಲ್ಲಿ ಮಾತ್ರ ಲಾಗ್ ತಗೊಂಡೇ ಬರೆ. ಹೆಜ್ಜೆಗೆ ಮಾರ್ಕ್ಸ್ ಇರುತ್ತದೆ, ಪೇಪರ್ ನೋಡುವವರು ಹುಡುಕುವುದು ಆ ಹೆಜ್ಜೆಗಳನ್ನೇ. ನಿನ್ನ ವಿಧಾನದಿಂದ ಪಕ್ಕದಲ್ಲಿ ಉತ್ತರ ತಾಳೆ ನೋಡಿಕೋ. ಇನ್ನೊಂದು, ಲಾಗ್ ಸೈನ್ ಎಕ್ಸ್ ಅಂತ ಬರೆಯಬೇಕಾದರೆ ಸೈನ್ ಎಕ್ಸ್ ಸೊನ್ನೆಗಿಂತ ಜಾಸ್ತಿ ಇರಬೇಕು, ಉದಾಹರಣೆಗೆ ಎಕ್ಸ್ 0 ಮತ್ತು ಪೈ ಮಧ್ಯೆ ಇದ್ದಾಗ. ಲೆಕ್ಕದ ಮೊದಲ ಸಾಲಿನಲ್ಲೇ ಅದನ್ನು ಬರೆದುಬಿಡು.